ಬಣ್ಣ ಹೋಗೂದಿಲ್ಲಲ್ಲ?

ನಾಲ್ಕು ಅಂಗುಲದ ಗೊಂಬೆಗೆ ಕುಂಚದಲ್ಲೇ ಇಳಕಲ್ ಸೀರೆ ಉಡಿಸಬೇಕೆಂದರೆ ಕಷ್ಟವೆಲ್ಲ ಸೆರಗಿನಲ್ಲಿದೆ. ಒಡಲು ದಾಳಿಂಬೆ ಕೆಂಪಾಗಲಿ, ನವಿಲು ಹಸಿರಾಗಲಿ, ಎರಡು ಸಲ ಬಳಿದರೆ ಮುಗಿಯಿತು. ಗುಳೇದಗುಡ್ಡದ ಖಣದ ಕುಪ್ಪಸಕ್ಕೂ ನಾಲ್ಕಾರು ಚುಕ್ಕೆ ಸಾಕು. ಸೆರಗಿಗೆ ಮಾತ್ರ ಮೊದಲು ಕೆಂಪು ನೆಲ ಬೇಕು, ಅದರ ಮೇಲೆ ತೋಪುತೆನಿ ವಿನ್ಯಾಸದ ಬಿಳಿ ಹಲ್ಲುಗಳು ಬೇಕು. ಒಂದೊಂದು ಹಲ್ಲೂ ಜೋಳದ ಕಾಳಿಗಿಂತ ಸಣ್ಣದು. ಮಕ್ಕಳ ಪೋಸ್ಟರ್ ಕಲರ್‌ನಲ್ಲಿ ಕೆಂಪು ಬಳಿದು, ಚೆನ್ನಾಗಿ ಒಣಗಿಸಿ, ಮೇಲೆ ಬಿಳಿ ಎಳೆಯಲು ಹೋದವರಿಗೆ ಮೂರನೆಯ ಗೆರೆಯಷ್ಟರಲ್ಲಿ ಗೊತ್ತಾಗಿಬಿಡುತ್ತದೆ. ಬಿಳಿ ಬಿಳಿಯಾಗಿ ಕೂರುವುದಿಲ್ಲ, ಗುಲಾಬಿಗೆ ತಿರುಗುತ್ತದೆ. ತಿದ್ದಲು ಇನ್ನೊಂದು ಸಲ ಎಳೆದರೆ ಮತ್ತಷ್ಟು ಗುಲಾಬಿ.

ಕೈಯ ತಪ್ಪಲ್ಲ ಅದು, ಬಾಟಲಿಯ ಗುಣ. ಪೋಸ್ಟರ್ ಕಲರ್‌ನಲ್ಲಿ ಬಣ್ಣದ ಪುಡಿಯನ್ನು ಹಿಡಿದಿಟ್ಟಿರುವುದು ನೀರಲ್ಲಿ ಕರಗುವ ಅಂಟು. ಒಣಗಿ ತಿಂಗಳಾಗಿದ್ದರೂ ಒದ್ದೆ ಕುಂಚ ತಾಗಿದ ಕೂಡಲೇ ಅದು ಮತ್ತೆ ಕರಗಿ ಮೇಲಿನ ಬಿಳಿಯೊಂದಿಗೆ ಕಲೆಯುತ್ತದೆ. ಅಕ್ರಿಲಿಕ್ ಬಣ್ಣಕ್ಕೂ ನೀರೇ ಬೆರೆಸುವುದಾದರೂ ಅದರ ಅಂಟು ಬೇರೆ ಜಾತಿಯದು. ನೀರು ಆರಿಹೋಗುತ್ತಿದ್ದಂತೆ ಪ್ಲಾಸ್ಟಿಕ್ಕಿನ ಸೂಕ್ಷ್ಮ ಕಣಗಳು ಒಂದಕ್ಕೊಂದು ಬೆಸೆದುಕೊಂಡು ಪೊರೆಯಾಗುತ್ತವೆ, ಆ ಪೊರೆ ಮತ್ತೆ ನೀರಿಗೆ ಕರಗದು. ಅದರ ಮೇಲೆ ಎಳೆದ ಬಿಳಿ ಬಿಳಿಯಾಗಿಯೇ ಉಳಿಯುತ್ತದೆ.

ಸೀರೆ ಅಂಗಡಿಯಲ್ಲಿ ಕೂತವರು ಸೆರಗನ್ನು ಬೆರಳಲ್ಲಿ ತಿಕ್ಕುತ್ತ ‘ಬಣ್ಣ ಹೋಗೂದಿಲ್ಲಲ್ಲ?’ ಎಂದು ಕೇಳುವುದು ಈ ಬಾಗಲಕೋಟೆ ಸೀಮೆಯಲ್ಲಿ ತೀರ ಸಾಮಾನ್ಯ. ಗೊಂಬೆಗೆ ಬಣ್ಣ ಕೊಳ್ಳುವವರೂ ಅದನ್ನೇ ಕೇಳಬೇಕು, ಆದರೆ ಎಲ್ಲಿಗೆ ಹೋಗಬಾರದು ಎಂಬುದನ್ನೂ ಸೇರಿಸಿ. ಗೊಂಬೆಯ ಬಣ್ಣ ನೀರಿಗೆ ಹೋಗಬಹುದು, ಬಿಸಿಲಿಗೆ ಹೋಗಬಹುದು, ಚಕ್ಕೆಯೆದ್ದು ಉದುರಬಹುದು, ಮಗುವಿನ ಬಾಯಿಗೂ ಹೋಗಬಹುದು. ಒಂದನ್ನು ತಡೆಯುವ ಬಣ್ಣ ಇನ್ನೊಂದನ್ನು ತಡೆಯುತ್ತದೆಂಬ ಭರವಸೆ ಇಲ್ಲ. ಅಂಗಡಿಯವರು ‘ಇದು ಪಕ್ಕಾ ಬಣ್ಣ’ ಎನ್ನುವಾಗ ಸಾಮಾನ್ಯವಾಗಿ ನೀರಿನ ಮಾತಷ್ಟನ್ನೇ ಆಡುತ್ತಿರುತ್ತಾರೆ.

ಯಾವ ಬಣ್ಣವಾದರೂ ಮೂಲತಃ ಎರಡು ವಸ್ತುಗಳ ಜೋಡಿ. ಬಣ್ಣ ಕೊಡುವ ಪುಡಿ ಒಂದು, ಅದನ್ನು ಮೈಗೆ ಅಂಟಿಸುವ ಅಂಟು ಇನ್ನೊಂದು. ನೀರು, ಟರ್ಪೆಂಟೈನು, ಥಿನ್ನರುಗಳೆಲ್ಲ ಆ ಜೋಡಿಯನ್ನು ಕುಂಚದಿಂದ ಗೊಂಬೆಗೆ ದಾಟಿಸುವ ದೋಣಿಗಳು, ದಾಟಿಸಿ ಹಾರಿಹೋಗುತ್ತವೆ. ಬಿಸಿಲಿಗೆ ಮಾಸುವುದು ಹೆಚ್ಚಾಗಿ ಪುಡಿಯ ದೋಷ. ಕರಗುವುದು, ಚಕ್ಕೆ ಏಳುವುದು ಅಂಟಿನ ದೋಷ, ಇಲ್ಲವೇ ಅದರ ಕೆಳಗಿನ ನೆಲದ ದೋಷ. ವಿಷವಂತೂ ಎರಡರಲ್ಲೂ ಇರಬಹುದು, ಥಿನ್ನರಿನಲ್ಲೂ ಇರಬಹುದು.

ಪುಡಿಯಲ್ಲೂ ಎರಡು ಬಗೆ. ಕರಗದೆ ಕಣವಾಗಿಯೇ ಉಳಿಯುವುದು ವರ್ಣದ್ರವ್ಯ, ಪೂರ್ತಿ ಕರಗಿ ಒಳಗಿಳಿಯುವುದು ರಂಗು. ಬಾಗಲಕೋಟೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೋಳಿಯಲ್ಲಿ ಹಲಗೆಯ ಸದ್ದಿನ ನಡುವೆ ಬಂಡಿಗಳ ಮೇಲೆ ಬ್ಯಾರಲ್ ಇಟ್ಟುಕೊಂಡು ದಿನಗಟ್ಟಲೆ ಬಣ್ಣ ಎರಚುವ ಊರದು. ಉಗುರಿನ ಸಂದಿಯಲ್ಲಿ ವಾರವಾದರೂ ಬಿಡದ ಗುಲಾಬಿ ಬಿಸಿಲಿಗೆ ಹಾಕಿದ ಅಂಗಿಯ ಮೇಲೆ ಎಷ್ಟು ಬೇಗ ಮಂಕಾಗುತ್ತದೆಂದು ಅಲ್ಲಿನ ಅಗಸರನ್ನೂ ತಾಯಂದಿರನ್ನೂ ಕೇಳಬಹುದು. ಚರ್ಮಕ್ಕೆ ಪಕ್ಕಾ, ಬಿಸಿಲಿಗೆ ಕಚ್ಚಾ. ಇಂಥ ರಂಗಿನ ಪುಡಿಯನ್ನು ಫೆವಿಕಾಲ್‌ಗೆ ಕಲಸಿ ಗೊಂಬೆಗೆ ಬಳಿಯುವವರಿದ್ದಾರೆ. ಮೊದಲ ವಾರ ಅಂಥ ಗೊಂಬೆಯಷ್ಟು ಚೆಂದದ್ದು ಇನ್ನೊಂದಿರುವುದಿಲ್ಲ.

ಬಿಸಿಲನ್ನು ತಡೆಯುವ ಬಣ್ಣ ಯಾವುದೆಂದು ತಿಳಿಯಲು ಬಾದಾಮಿಗಿಂತ ಹತ್ತಿರದ ಪ್ರಯೋಗಶಾಲೆ ಬೇಕಿಲ್ಲ. ಮಂಗಳೇಶ ಮಾಡಿಸಿದ ಮೂರನೆಯ ಗುಹೆಯ ಶಾಸನದಲ್ಲಿ ಶಕ ವರ್ಷ 500 ಎಂದಿದೆ, ಅಂದರೆ ಕ್ರಿ.ಶ. 578. ಆ ಗುಹೆಯ ಮುಂಚೂರಿನ ಒಳಬಾಗಿನಲ್ಲಿ ಚಿತ್ರಗಳ ತುಣುಕುಗಳು ಇಂದಿಗೂ ಇವೆ. ಗಾರೆ ಉದುರಿದ ಕಡೆ ಚಿತ್ರವೂ ಹೋಗಿದೆ, ಗಾರೆ ನಿಂತ ಕಡೆ ಬಣ್ಣ ಮಸುಕಾಗಿಯಾದರೂ ನಿಂತಿದೆ. ಕಣ್ಣಿಗೆ ಬೀಳುವುದು ಹೆಚ್ಚಾಗಿ ಮಣ್ಣಿನ ಬಣ್ಣಗಳು, ಕಾವಿಯ ಕೆಂಪು, ಮಣ್ಣಿನ ಹಳದಿ, ಮಂಕು ಹಸಿರು. ಕಾವಿ ಎಂದರೆ ಕಬ್ಬಿಣದ ಆಕ್ಸೈಡು. ಆಮ್ಲಜನಕದೊಂದಿಗೆ ಕೂಡಬೇಕಾದಷ್ಟು ಕೂಡಿಯಾಗಿದೆ, ಇನ್ನು ಗಾಳಿ ಬೆಳಕಿಗೆ ಅದರಲ್ಲಿ ಕೆಡಿಸಲು ಏನೂ ಉಳಿದಿಲ್ಲ. ಬಾದಾಮಿಯ ಬಂಡೆಯೇ ಕೆಂಪಾಗಿರುವುದೂ ಇದೇ ಕಬ್ಬಿಣದಿಂದ.

ಬಾಗಲಕೋಟೆ ಜಿಲ್ಲೆಯ ನೆಲವನ್ನೇ ಒಂದು ಬಣ್ಣದ ಪೆಟ್ಟಿಗೆಯಾಗಿ ನೋಡಬಹುದು. ಹುನಗುಂದ, ಕುಷ್ಟಗಿ ಪಟ್ಟಿಯ ಬಂಡೆಗಳಲ್ಲಿ ಕಬ್ಬಿಣದ ಅದಿರಿನ ಪದರಗಳಿವೆ. ಬಾಗಲಕೋಟೆಗೆ ಸಿಮೆಂಟ್ ಕಾರ್ಖಾನೆ ತಂದುಕೊಟ್ಟ ಸುಣ್ಣದ ಕಲ್ಲಿದೆ. ದೇಶವಿದೇಶಗಳ ಗೋಡೆ, ನೆಲಗಳಿಗೆ ಹೋಗುವ ಇಳಕಲ್‌ನ ಕೆಂಪು ಗ್ರಾನೈಟ್ ಇದೆ. ಆದರೆ ಆ ಗ್ರಾನೈಟನ್ನು ಕುಟ್ಟಿದರೆ ಕೆಂಪು ಸಿಗುವುದಿಲ್ಲ, ಸಪ್ಪೆ ತಿಳಿಗುಲಾಬಿ ಪುಡಿ ಸಿಗುತ್ತದೆ. ಕಲ್ಲಿಗೆ ಇರುವ ಬಣ್ಣವೆಲ್ಲ ಬಳಿಯುವ ಬಣ್ಣವಾಗುವುದಿಲ್ಲ.

ಮಣ್ಣಿನದು, ಹಳೆಯದು ಎಂದ ಮಾತ್ರಕ್ಕೆ ನಿರಪಾಯ ಎಂದು ನಂಬಿಬಿಡುವುದೂ ಬೇಡ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1130ರ ಆಸುಪಾಸಿನಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಚಿತ್ರಕಾರನಿಗೆಂದೇ ಬಣ್ಣಗಳ ಪಟ್ಟಿಯಿದೆ. ಬಿಳಿಗೆ ಶಂಖದ ಪುಡಿ, ಕಪ್ಪಿಗೆ ಕಾಡಿಗೆ, ಕೆಂಪಿಗೆ ಕಾವಿ, ಅರಗಿನ ರಸ, ಇಂಗಳೀಕ, ಹಳದಿಗೆ ಹರಿತಾಳ. ಅಂಟಿಗೆ ಎಮ್ಮೆಯ ಚರ್ಮ ಬೇಯಿಸಿ ಮಾಡಿದ ವಜ್ರಲೇಪ. ಇದರಲ್ಲಿ ಇಂಗಳೀಕ ಪಾದರಸದ ಅದಿರು, ಹರಿತಾಳ ಆರ್ಸೆನಿಕ್‌ನದು. ಎರಡೂ ನೂರಕ್ಕೆ ನೂರು ‘ನೈಸರ್ಗಿಕ’. ಈಗಿನ ಹಸಿರು ಚೀಟಿ ಅಂಟಿಸಿದ ಡಬ್ಬಿಗಳನ್ನು ನೋಡುವಾಗ ಆ ಪಟ್ಟಿಯನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಬಣ್ಣಕ್ಕಿಂತ ಮೊದಲು ನೆಲ ಎನ್ನುವುದನ್ನು ಕಲಿಯಲು ಇಳಕಲ್‌ನಿಂದ ಕುಷ್ಟಗಿ ದಾಟಿ ಕೊಪ್ಪಳದ ಪಕ್ಕದ ಕಿನ್ನಾಳಕ್ಕೆ ಹೋಗಬೇಕು. ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದ ಅಲ್ಲಿನ ಗೊಂಬೆಗಳನ್ನು ಮಾಡುವವರು ಚಿತ್ರಗಾರ ಮನೆತನಗಳವರು. ಹಂಪಿಯ ವಿರೂಪಾಕ್ಷ ಗುಡಿಯ ಕೆಲಸದಲ್ಲಿ ತಮ್ಮ ಹಿರಿಯರ ಕೈಯಿತ್ತೆಂದು ಅವರು ಹೇಳಿಕೊಳ್ಳುತ್ತಾರೆ. ಹಗುರವಾದ ಮರವನ್ನು ಕೆತ್ತಿ ಭಾಗಗಳನ್ನು ಜೋಡಿಸಿದ ಮೇಲೂ ಕುಂಚಕ್ಕೆ ಇನ್ನೂ ಸರದಿ ಬಂದಿರುವುದಿಲ್ಲ. ನೆನೆಸಿ, ಒಣಗಿಸಿ, ಪುಡಿಮಾಡಿದ ಗೋಣಿನಾರನ್ನು ಹುಣಸೆಬೀಜದ ಅಂಟಿನಲ್ಲಿ ಕಲಸಿದರೆ ‘ಕಿಟ್ಟ’ ಆಗುತ್ತದೆ, ಕೀಲು ಸಂದುಗಳಿಗೆಲ್ಲ ಅದನ್ನು ಮೆತ್ತುತ್ತಾರೆ. ಮೇಲೆ ಅದೇ ಅಂಟಿನಲ್ಲಿ ಬಟ್ಟೆಯ ಚೂರುಗಳನ್ನು ಕೂರಿಸುತ್ತಾರೆ. ಅದರ ಮೇಲೆ ಕಲ್ಲಿನ ನುಣುಪು ಪುಡಿಯನ್ನು ಗೋಂದಿನಲ್ಲಿ ಕಲಸಿ ಬಳಿಯುತ್ತಾರೆ. ಸರ, ಡಾಬು, ಕಿರೀಟಗಳ ಉಬ್ಬು ಕೆಲಸ ಎದ್ದೇಳುವುದೂ ಇದೇ ಲೇಪದಿಂದ. ಇಷ್ಟಾದ ಮೇಲೆ ಬಣ್ಣ.

ಮರ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ನಡುವಿನ ಬಟ್ಟೆ, ನಾರು ಆ ಎಳೆದಾಟವನ್ನು ತಾವು ನುಂಗಿಕೊಂಡು ಬಣ್ಣಕ್ಕೆ ಮುಟ್ಟಗೊಡುವುದಿಲ್ಲ. ಕಲ್ಲಿನ ಲೇಪ ಬಣ್ಣಕ್ಕೆ ಬೇಕಾದಷ್ಟು ತರಿ ಕೊಡುತ್ತದೆ, ಬಿಳಿಯ ನೆಲವೂ ಆಗುತ್ತದೆ. ಈಗ ಅಂಗಡಿಯ ಪ್ರೈಮರ್ ಮಾಡುವುದು ಇದರ ಅರ್ಧ ಕೆಲಸವನ್ನು ಮಾತ್ರ. ಆ ಅರ್ಧವನ್ನೂ ಹಾರಿಸಿ ನುಣುಪು ಪ್ಲಾಸ್ಟಿಕ್ಕಿನ ಮೇಲೆ ನೇರ ಅಕ್ರಿಲಿಕ್ ಬಳಿದು, ಉಗುರು ತಾಗಿದ ಕಡೆ ಸಿಪ್ಪೆಯಂತೆ ಎದ್ದುಬಂದಾಗ ಬಣ್ಣದ ಕಂಪನಿಯನ್ನು ಬೈಯುವವರೇ ಹೆಚ್ಚು. ಅಚ್ಚಿನಿಂದ ಬಂದ ಪ್ಲಾಸ್ಟಿಕ್, ರೆಸಿನ್ ಗೊಂಬೆಗಳ ಮೈಮೇಲೆ ಅಚ್ಚಿಗೆ ಸವರಿದ ಜಿಡ್ಡು ಉಳಿದಿರುತ್ತದೆ. ಸೋಪಿನ ನೀರಲ್ಲಿ ತೊಳೆದು ಒಣಗಿಸಿ, ತೆಳ್ಳಗೆ ಪ್ರೈಮರ್ ಬಳಿದರೆ ಅರ್ಧ ದೂರು ಅಲ್ಲಿಗೇ ನಿಲ್ಲುತ್ತದೆ. ಎರೆಮಣ್ಣಿನ ಗೊಂಬೆಯದು ಬೇರೆ ಕತೆ. ಒಣಗುವಾಗ ಎರೆ ಎಷ್ಟು ಬಿರಿಯುತ್ತದೆಂದು ಹೊಲದಲ್ಲಿ ನೋಡಿದವರಿಗೆ ಗೊತ್ತು. ಒಳಗೆ ಹಸಿ ಇರುವಾಗಲೇ ಮೇಲೆ ಅಕ್ರಿಲಿಕ್ ಪೊರೆ ಹೊದಿಸಿದರೆ ತೇವ ಹೊರಬರಲು ದಾರಿ ಹುಡುಕಿ ಬಣ್ಣವನ್ನೇ ಎತ್ತುತ್ತದೆ.

ಬಣ್ಣ ಹೋಗಲೇಬೇಕಾದ ಗೊಂಬೆಗಳೂ ಇವೆ. ಕಾರ ಹುಣ್ಣಿಮೆಯಲ್ಲಿ ಎತ್ತಿನ ಕೊಂಬಿಗೆ ಎನಾಮಲ್ ಹಚ್ಚಿ ಓಡಿಸಿದ ಊರುಗಳು ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮವಾಸ್ಯೆ ಮಾಡುತ್ತವೆ. ಹುನಗುಂದದ ಸಂತೆಯಿರಲಿ, ಬಾದಾಮಿಯ ಓಣಿಯಿರಲಿ, ಜೋಡಿ ಬಸವಣ್ಣಗಳು ಮನೆಗೆ ಬರುತ್ತವೆ. ಆಷಾಢದ ಮಂಗಳವಾರಗಳಂದು ಹುಡುಗಿಯರು ಮಾಡುವ ಗುಳ್ಳವ್ವಂದಿರೂ ಹಸಿ ಮಣ್ಣಿನವರೇ. ಮಣ್ಣೆತ್ತುಗಳನ್ನು ಪೂಜೆಯಾದ ಮೇಲೆ ಹಳ್ಳಕ್ಕೋ ಬಾವಿಗೋ ಬಿಡುವುದುಂಟು. ಇಲ್ಲಿ ಕೊಂಬಿಗೆ ತಂದು ಉಳಿದ ಎನಾಮಲ್ ಡಬ್ಬಿಯನ್ನೇ ಬಳಸಿದರೆ ಎತ್ತು ಕರಗಿದ ಮೇಲೂ ಬಣ್ಣದ ಚಕ್ಕೆ ನೀರಿನಲ್ಲಿ ತೇಲುತ್ತಿರುತ್ತದೆ. ಸುಣ್ಣ, ಕಾವಿ, ಅರಿಶಿನ, ದೀಪದ ಮಸಿ ಇಷ್ಟೇ ಸಾಕಾದ ಗೊಂಬೆಗೆ ಬೇರೇನೂ ಬೇಕಿಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ವಿಗ್ರಹ ವಿಸರ್ಜನೆಗೆ 2010ರಲ್ಲಿ ಹೊರಡಿಸಿ 2020ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯೂ ಗಣಪತಿಗೆ ಇದನ್ನೇ ಹೇಳುತ್ತದೆ: ಪ್ಲಾಸ್ಟರ್ ಆಫ್ ಪ್ಯಾರಿಸ್ ಬೇಡ, ವಿಷದ ರಾಸಾಯನಿಕ ಬಣ್ಣ ಬೇಡ. ಸುಣ್ಣಕ್ಕೆ ನೀಲಿ ಸೇರಿಸುವಾಗ ಒಂದು ಎಚ್ಚರ ಬೇಕು. ಬಟ್ಟೆಗೆ ಹಾಕುವ ಹಳೆಯ ಪುಡಿನೀಲಿ ಅಲ್ಟ್ರಾಮರೀನ್, ಅದು ಸುಣ್ಣದ ಖಾರಕ್ಕೆ ಜಗ್ಗುವುದಿಲ್ಲ. ಪ್ರಷ್ಯನ್ ಬ್ಲೂ ಎಂಬ ನೀಲಿ ಮಾತ್ರ ಸುಣ್ಣದೊಳಗೆ ಕಂದಿಹೋಗುತ್ತದೆ.

ಇನ್ನು ಮಗುವಿನ ಬಾಯಿ. ಎನಾಮಲ್ಲಿನ ಹಳದಿ, ಕಿತ್ತಳೆ, ಎಲೆಹಸಿರುಗಳಿಗೆ ಬಹುಕಾಲ ಹೊಳಪು ಕೊಟ್ಟದ್ದು ಸೀಸದ ಕ್ರೋಮೇಟ್. ಅಗ್ಗ, ಗಾಢ, ಒಂದೇ ಕೋಟಿಗೆ ಮುಚ್ಚುತ್ತದೆ. ಸೀಸ ಸಣ್ಣ ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಕುಂಠಿಸುತ್ತದೆ, ಅದಕ್ಕೆ ಸುರಕ್ಷಿತ ಪ್ರಮಾಣ ಎಂಬುದೇ ಗೊತ್ತಿಲ್ಲ. 2007ರಲ್ಲಿ ಅಮೆರಿಕದ ಮ್ಯಾಟೆಲ್ ಕಂಪನಿ ಬಣ್ಣದಲ್ಲಿ ಸೀಸವಿದೆಯೆಂದು ಲಕ್ಷಗಟ್ಟಲೆ ಆಟಿಕೆಗಳನ್ನು ವಾಪಸ್ ಕರೆಸಿಕೊಂಡಾಗ ಜಗತ್ತಿನ ತಾಯಂದಿರೆಲ್ಲ ಒಮ್ಮೆ ಗಾಬರಿಯಾದರು. ನಮ್ಮಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿದ್ದ ಡಾ. ತುಪ್ಪಿಲ್ ವೆಂಕಟೇಶ್ ಅದಕ್ಕೂ ಮೊದಲಿನಿಂದ ಸೀಸದ ಪರೀಕ್ಷೆಯನ್ನೇ ಹಟ ಹಿಡಿದು ಮಾಡುತ್ತ ಬಂದವರು. ಕೊನೆಗೆ ಬಂದದ್ದು 2016ರ ನಿಯಮ. 2017ರ ನವೆಂಬರಿನಿಂದ ಮನೆಬಳಕೆಯ, ಅಲಂಕಾರದ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರುವಂತಿಲ್ಲ, ಡಬ್ಬಿಯ ಮೇಲೆ ಅದನ್ನು ಬರೆದಿರಬೇಕು.

ಆ ನಿಯಮದಲ್ಲಿ ಒಂದು ಕಿಂಡಿಯಿದೆ. ಕಾರ್ಖಾನೆ, ಯಂತ್ರ, ವಾಹನಗಳಿಗೆಂದು ಮಾರುವ ಬಣ್ಣಕ್ಕೆ ಅದು ಅನ್ವಯಿಸುವುದಿಲ್ಲ. ಟ್ರ್ಯಾಕ್ಟರಿಗೆ ಬಳಿದು ಮಿಕ್ಕ ಡಬ್ಬಿ ಮನೆಯಲ್ಲಿದೆ, ಮಗುವಿನ ಬಂಡಿಗೂ ಒಂದು ಕೈ ಹಚ್ಚೋಣ ಎನ್ನುವ ಉಳಿತಾಯಬುದ್ಧಿ ಅಪಾಯಕ್ಕೆ ಎಡೆಕೊಡುವುದು ಅಲ್ಲೇ. 2021ರ ಜನವರಿಯಿಂದ ಅಂಗಡಿಯ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ನೋಂದಾಯಿತ ಕುಶಲಕರ್ಮಿಗಳು ಮಾಡಿ ಮಾರುವ ಸರಕಿಗೂ ಭೌಗೋಳಿಕ ಸೂಚ್ಯಂಕದ ಆಟಿಕೆಗಳಿಗೂ ಇದರಿಂದ ವಿನಾಯಿತಿಯಿದೆ. ಸಣ್ಣ ಕೈಕಸುಬಿನವರಿಗೆ ಪರೀಕ್ಷೆಯ ಖರ್ಚು ಹೊರಲಾಗದು ಎಂಬ ದೃಷ್ಟಿಯಿಂದ ಈ ವಿನಾಯಿತಿ ನ್ಯಾಯವೇ. ಆದರೆ ಆಗ ‘ಯಾವ ಬಣ್ಣ ಹಚ್ಚಿದ್ದೀರಿ?’ ಎಂದು ಕೇಳುವ ಕೆಲಸ ಕೊಳ್ಳುವವರ ಪಾಲಿಗೆ ಬರುತ್ತದೆ. ಚನ್ನಪಟ್ಟಣದವರು ಇದಕ್ಕೆ ಕೊಡುವ ಉತ್ತರ ಸೊಗಸಾಗಿದೆ. ತಿರುಗಣಿಯಲ್ಲಿ ಸುತ್ತುವ ಆಲೆಮರಕ್ಕೆ ಬಣ್ಣ ಕಲಸಿದ ಅರಗಿನ ಕಡ್ಡಿ ಒತ್ತಿದರೆ, ತಿಕ್ಕಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ತಾಳೆಗರಿಯಿಂದ ಉಜ್ಜಿದರೆ ಮಿಂಚುತ್ತದೆ. ಥಿನ್ನರ್ ಇಲ್ಲ, ಕುಂಚವಿಲ್ಲ. ಅರಗಿಗೆ ಕಲಸುವುದು ಅರಿಶಿನ, ನೀಲಿಯಂಥ ಗಿಡದ ಬಣ್ಣವಾದರೆ ಮಗು ಕಚ್ಚಿದರೂ ಚಿಂತೆಯಿಲ್ಲ, ಆದರೆ ಅರಿಶಿನದ ಹಳದಿ ಕಿಟಕಿಯ ಬಿಸಿಲಲ್ಲಿ ಬಾಳುವುದಿಲ್ಲ. ಒಂದು ಗೆದ್ದಲ್ಲಿ ಇನ್ನೊಂದು ಸೋಲುವುದು ಹೀಗೆ.

ಶೋಕೇಸಿಗೆಂದು ಗೊಂಬೆ ಮಾಡುವವರಿಗೆ ಈಗ ಅಕ್ರಿಲಿಕ್ಕೇ ಸುಲಭದ ದಾರಿ. ಇಂಗ್ಲೆಂಡಿನ ಹಂಬ್ರೋಲ್‌ನ ಪುಟ್ಟ ಎನಾಮಲ್ ಡಬ್ಬಿಗಳಿಂದ ಸೈನಿಕರ ಗೊಂಬೆಗಳಿಗೆ ಬಣ್ಣ ಹಚ್ಚುತ್ತಿದ್ದ ಹವ್ಯಾಸಿಗಳು ಕೂಡ ಬಹುಪಾಲು ಸಿಟಾಡೆಲ್, ವಲ್ಲೆಹೊ ಮುಂತಾದ ಅಕ್ರಿಲಿಕ್ಕಿಗೆ ಬಂದಿದ್ದಾರೆ. ಅವುಗಳ ಪುಡಿ ತೀರ ನುಣುಪು, ಬಣ್ಣ ಗಾಢ. ತೆಳ್ಳಗೆ ಬಳಿದರೇ ಸಾಕಾಗುವುದರಿಂದ ಮುಖದ ಕೆತ್ತನೆ ಮುಚ್ಚಿಹೋಗುವುದಿಲ್ಲ. ಬೆಲೆ ಮಾತ್ರ ಇಲ್ಲಿ ಚುರುಕು ಮುಟ್ಟಿಸುತ್ತದೆ. ಬಾಗಲಕೋಟೆಯ ಸ್ಟೇಷನರಿ ಅಂಗಡಿಯಲ್ಲಿ ಸಲೀಸಾಗಿ ಸಿಗುವುದು ಕ್ಯಾಮೆಲ್, ಫೆವಿಕ್ರಿಲ್‌ಗಳು. ಬಟ್ಟೆಗೆಂದು ಮಾಡಿದ ಅಕ್ರಿಲಿಕ್ ಗೊಂಬೆಗೆ ತುಸು ಮೆತ್ತಗಾಗಿ ಧೂಳು ಹಿಡಿಯುತ್ತದೆ. ಕ್ಯಾನ್ವಾಸಿನ ಟ್ಯೂಬು ದಪ್ಪ, ಅದಕ್ಕೆ ನೀರು ಬೆರೆಸಿ ಹಾಲಿನ ಹದಕ್ಕೆ ತರಬೇಕು. ಬಹಳ ನೀರಾದರೆ ಅಂಟು ಸಾಲದೆ ಪುಡಿ ಉದುರುತ್ತದೆ, ಆಗ ನೀರಿನ ಬದಲು ಅಕ್ರಿಲಿಕ್ ಮೀಡಿಯಂ ಸೇರಿಸುವುದು ಲೇಸು.

ಟ್ಯೂಬಿನ ಮುಂದಿನ ಹೆಸರನ್ನು ಓದಿ ಕೊಳ್ಳುವುದಕ್ಕಿಂತ ಹಿಂದಿನ ಸಣ್ಣಕ್ಷರಗಳನ್ನು ಓದಿ ಕೊಳ್ಳುವುದೇ ಜಾಣತನ. ಒಳ್ಳೆಯ ಕಲಾಸಾಮಗ್ರಿಯ ಕಂಪನಿಗಳು ಅಲ್ಲಿ ವರ್ಣದ್ರವ್ಯದ ಸಂಖ್ಯೆ ಮುದ್ರಿಸುತ್ತವೆ. ‘ಇಂಡಿಯನ್ ರೆಡ್’, ‘ವೆನೀಷಿಯನ್ ರೆಡ್’, ‘ರೆಡ್ ಆಕ್ಸೈಡ್’ ಎಂಬ ಮೂರು ಟ್ಯೂಬಿನಲ್ಲೂ ಪಿಆರ್ 101 ಎಂದಿದ್ದರೆ ಮೂರೂ ಕಬ್ಬಿಣದ ಆಕ್ಸೈಡುಗಳೇ, ಬಾದಾಮಿಯ ಕಾವಿಯ ಬಳಗ. ಮಣ್ಣಿನ ಹಳದಿಗೆ ಪಿವೈ 43, ಟೈಟಾನಿಯಂ ಬಿಳಿಗೆ ಪಿಡಬ್ಲ್ಯೂ 6, ಅಲ್ಟ್ರಾಮರೀನ್‌ಗೆ ಪಿಬಿ 29. ಇವೆಲ್ಲ ಬಿಸಿಲಿಗೆ ಜಗ್ಗದವು. ಸೀರೆಯ ಕೆಂಪಿಗೆ ಕಾವಿ ಮಂಕು ಎನಿಸಿದರೆ ಪಿಆರ್ 254 ನಂಬಬಹುದು. ನವಿಲು ಹಸಿರಿಗೆ ಥ್ಯಾಲೋ ಗ್ರೀನ್, ಅಂದರೆ ಪಿಜಿ 7. ಅಲಿಜರಿನ್ ಕ್ರಿಮ್ಸನ್‌ನ ಪಿಆರ್ 83 ನೋಡಲು ಅಪ್ಪಟ ದಾಳಿಂಬೆ, ಆದರೆ ತೆಳ್ಳಗೆ ಬಳಿದರೆ ಬೆಳಕಿಗೆ ಮಾಸುವುದಕ್ಕೆ ಹೆಸರಾದದ್ದು. ಸಂಖ್ಯೆಯೇ ಇಲ್ಲದ ಅಗ್ಗದ ಬಾಟಲಿಯನ್ನು ಕೊಳ್ಳಬಾರದೆಂದಿಲ್ಲ, ಪರೀಕ್ಷಿಸಿ ಕೊಳ್ಳಬೇಕು.

ಈ ಸೀಮೆಯ ಹವೆಯೂ ಬಣ್ಣದೊಂದಿಗೆ ಜಗಳಕ್ಕಿಳಿಯುತ್ತದೆ. ಏಪ್ರಿಲ್, ಮೇ ತಿಂಗಳ 40 ಡಿಗ್ರಿಯಲ್ಲಿ ಅಕ್ರಿಲಿಕ್ ಗೊಂಬೆಗೆ ತಲುಪುವ ಮೊದಲೇ ಕುಂಚದ ತುದಿಯಲ್ಲಿ ಗಟ್ಟಿಯಾಗುತ್ತದೆ. ತಟ್ಟೆಯಲ್ಲಿ ಒದ್ದೆ ಸ್ಪಂಜು, ಅದರ ಮೇಲೆ ಬೆಣ್ಣೆಕಾಗದ ಹಾಸಿ, ಕಾಗದದ ಮೇಲೆ ಬಣ್ಣ ಇಟ್ಟುಕೊಂಡರೆ ಗಂಟೆಗಟ್ಟಲೆ ಹಸಿಯಾಗಿರುತ್ತದೆ. ಸ್ಪ್ರೇ ಡಬ್ಬಿಯನ್ನಂತೂ ಮಧ್ಯಾಹ್ನ ಮುಟ್ಟಬಾರದು, ಹನಿಗಳು ಗಾಳಿಯಲ್ಲೇ ಒಣಗಿ ಗೊಂಬೆಯ ಮೈ ಮರಳುಕಾಗದವಾಗುತ್ತದೆ. ಆಷಾಢದ ಗಾಳಿಯಲ್ಲಿ ಎನಾಮಲ್ ಬೇಡ, ಅದು ತಾಸುಗಟ್ಟಲೆ ಅಂಟಂಟಾಗಿದ್ದು ಓಣಿಯ ಧೂಳನ್ನೆಲ್ಲ ಕರೆದು ಕೂರಿಸಿಕೊಳ್ಳುತ್ತದೆ. ಬೋರ್‌ವೆಲ್‌ನ ಗಡಸು ನೀರು ಬೆರೆಸಿ ತೆಳ್ಳಗೆ ಬಳಿದರೆ ಕಪ್ಪು ಕೂದಲಿನ ಮೇಲೆ ಬಿಳಿ ಕಲೆ ಏಳುತ್ತದೆ, ಶುದ್ಧೀಕರಿಸಿದ ಕುಡಿಯುವ ನೀರನ್ನೇ ಬಳಸಿದರೆ ಆ ಕಾಟವಿಲ್ಲ.

ಪರೀಕ್ಷೆಗೆ ಪ್ರಯೋಗಾಲಯ ಬೇಕಿಲ್ಲ. ದಪ್ಪ ಬಿಳಿ ಕಾರ್ಡಿನ ಮೇಲೆ ಪ್ರತಿ ಬಣ್ಣದ ಎರಡೆರಡು ಪಟ್ಟಿ, ಒಂದು ಗಟ್ಟಿಯಾಗಿ, ಒಂದು ನೀರಾಗಿ. ಪಟ್ಟಿಗಳ ಅರ್ಧಭಾಗವನ್ನು ಅಡುಗೆಯ ಅಲ್ಯೂಮಿನಿಯಂ ಹಾಳೆಯಲ್ಲಿ ಮುಚ್ಚಿ ಬಿಸಿಲು ಚೆನ್ನಾಗಿ ಬೀಳುವ ಕಿಟಕಿಗೆ ಅಂಟಿಸಬೇಕು. ಕಂಪನಿಗಳು ಮಾಡುವ ಪರೀಕ್ಷೆಯ ತತ್ವವೂ ಇದೇ. ಅವರು ಹೋಲಿಕೆಗೆ ಬೇರೆಬೇರೆ ವೇಗದಲ್ಲಿ ಮಾಸುವ ನೀಲಿ ಉಣ್ಣೆಯ ತುಂಡುಗಳನ್ನು ಪಕ್ಕದಲ್ಲಿಡುತ್ತಾರೆ. ಬೇಸಿಗೆ ಮುಗಿದ ಮೇಲೆ ಹಾಳೆ ತೆಗೆದರೆ ಫ್ಲೋರೊಸೆಂಟ್ ಗುಲಾಬಿ, ಕಿತ್ತಳೆಗಳ ತೆರೆದ ಭಾಗ ಕಾರ್ಡಿನ ಬಿಳಿಗೆ ತೀರ ಹತ್ತಿರವಾಗಿರುತ್ತದೆ, ಕಾವಿಯಲ್ಲಿ ಮುಚ್ಚಿದ್ದು ಯಾವುದು ತೆರೆದದ್ದು ಯಾವುದೆಂದು ಗುರುತೇ ಸಿಗುವುದಿಲ್ಲ. ಕಾರ್ಡಿನ ಹಿಂದೆ ಕಂಪನಿ, ಬಣ್ಣದ ಹೆಸರು, ಸಂಖ್ಯೆ ಬರೆದಿಟ್ಟುಕೊಳ್ಳಬೇಕು. ಕಂಪನಿಗಳು ಹೆಸರನ್ನು ಹಾಗೇ ಉಳಿಸಿಕೊಂಡು ಒಳಗಿನ ಪುಡಿ ಬದಲಿಸುವುದುಂಟು, ಆದ್ದರಿಂದ ಮುಂದಿನ ಬಾಟಲಿ ಕೊಳ್ಳುವಾಗ ಹಿಂದಿನ ಸಣ್ಣಕ್ಷರವನ್ನು ಈ ಕಾರ್ಡಿಗೆ ಇನ್ನೊಮ್ಮೆ ಹೋಲಿಸಿ ನೋಡಬೇಕು.